ಕೋವಿ ಮುಟ್ಟದ ಸೈನಿಕ

ಲೀಡ್ಸ್,
ನವೆಂಬರ್

ಅವ್ವ, ಅಪ್ಪ,

ನಾನು ಆರಾಮ. ಇಲ್ಲಿನ ಮಳೆ ನಮ್ಮ ಭಾಗಮಂಡಲದ ಹಾಗೆ ಸುರಿಯುವುದಿಲ್ಲ, ಸುಮ್ನೆ ಜಿನುಗುತ್ತಲೇ ಇರುತ್ತದೆ. ರಜೆ ಬಂದರೆ ಸಿನಿಮಾ ನೋಡುತ್ತಾ ಕೂರುತ್ತೇನೆ.

ಶನಿವಾರ ‘ಹ್ಯಾಕ್ಸಾ ರಿಡ್ಜ್’ ನೋಡಿದೆ. ನಿಜವಾಗಿ ನಡೆದ ಕಥೆ. ಡೆಸ್ಮಂಡ್ ಡಾಸ್ ಅಂತ ಅಮೆರಿಕದ ಸೈನಿಕ. ದೇವರ ಮೇಲಿನ ನಂಬಿಕೆಯಿಂದ ಕೋವಿ ಮುಟ್ಟುವುದಿಲ್ಲ ಅಂತ ಹಟ. 1945ರಲ್ಲಿ ಓಕಿನಾವಾ ಯುದ್ಧಕ್ಕೆ ಬರಿಗೈಯಲ್ಲೇ ಹೋದ. ಗಾಯಗೊಂಡ ಸುಮಾರು 75 ಜನರನ್ನು ಹಗ್ಗ ಕಟ್ಟಿ ಬಂಡೆಯಿಂದ ಕೆಳಗಿಳಿಸಿದ. ಮೊದಲು ನನಗೆ ನಗು ಬಂತು. ಕೈಲ್ ಮುಹೂರ್ತದ ಆಯುಧಪೂಜೆಗೆ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಕೈಮುಗಿಯುವ ಕೊಡವರ ಮನೆಯವಳು ನಾನು. ನಮ್ಮ ಪದ್ಧತಿಯಂತೆ ಅಣ್ಣ ಹುಟ್ಟಿದಾಗ ಒಂದು ಗುಂಡು ಹಾರಿಸಿದ್ದಿರಿ (ನಾನು ಹುಟ್ಟಿದಾಗ ಇಲ್ಲ, ಮರೆತಿಲ್ಲ ಅಪ್ಪ!), ಅಜ್ಜ ಹೋದಾಗ ಎರಡು.

ಯುದ್ಧದ ಭಾಗದಲ್ಲಿ ರಕ್ತ ಜಾಸ್ತಿಯಾಯಿತು. ಅಜ್ಜ ನೆನಪಾದರು. 1971ರಲ್ಲಿ ಗಡಿಯಲ್ಲಿದ್ದವರು, ಟಿವಿಯಲ್ಲಿ ಯುದ್ಧದ ಸಿನಿಮಾ ಬಂದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಪಕ್ಕ ಕೂತು ಇದು ನಿಜ, ಇದು ಸುಳ್ಳು ಅಂತ ಹೇಳಲಿ ಅಂತ ನಮಗೆಲ್ಲ ಆಸೆ, ಅಲ್ವಾ? ಗುಂಡಿನ ಸದ್ದಿಗೆ ಅವರು ಹೆದರುವವರಲ್ಲ. ಹಂದಿ ಓಡಿಸಲು ಅವರೇ ಹೊಡೆಯುತ್ತಿದ್ದರಲ್ಲ. ಆದರೆ ಬಿದ್ದ ಹುಡುಗರು ಅಮ್ಮನನ್ನು ಕೂಗುವುದು ಕೇಳಿದಾಗ ನಾನೂ ಎದ್ದು ಹೋಗಿ ಕಾಫಿ ಕಾಸಿಕೊಂಡೆ.

ಮರುದಿನ ‘ಬಾಬೆಟ್ಸ್ ಫೀಸ್ಟ್’, 1987ರ ಡ್ಯಾನಿಶ್ ಸಿನಿಮಾ. ಕಡಲ ದಡದ ಹಳ್ಳಿ, ಸದಾ ಪ್ರಾರ್ಥನೆ ಮಾಡುವ ಮುದುಕ ಮುದುಕಿಯರು, ಒಳಗೊಳಗೇ ಹಳೇ ಜಗಳ. ಅಡುಗೆಯವಳಿಗೆ ಲಾಟರಿಯಲ್ಲಿ 10,000 ಫ್ರಾಂಕ್ ಬರುತ್ತದೆ. ಅಷ್ಟನ್ನೂ ಒಂದೇ ಊಟಕ್ಕೆ ಸುರಿಯುತ್ತಾಳೆ! ರುಚಿಗೆ ಸೋತರೆ ಪಾಪ ಅಂತ ಹೆದರಿ, ಊಟದ ಬಗ್ಗೆ ಯಾರೂ ಮಾತೆತ್ತಬಾರದು ಅಂತ ಮೊದಲೇ ಮಾತಾಡಿಕೊಂಡು ಕೂರುತ್ತಾರೆ. ತಿನ್ನುತ್ತಾ ತಿನ್ನುತ್ತಾ ಒಬ್ಬೊಬ್ಬರದೇ ಮುಖ ಸಡಿಲವಾಗುತ್ತದೆ. ಬೈದುಕೊಂಡವರೇ ಕೈ ಹಿಡಿದುಕೊಳ್ಳುತ್ತಾರೆ. ದೇವರ ಬಗ್ಗೆ ಉಪದೇಶ ಮಾಡುವ ಸಿನಿಮಾ ನನಗಾಗುವುದಿಲ್ಲ, ಇದರಲ್ಲಿ ಆ ಕಾಟ ಇರಲಿಲ್ಲ. ಯುದ್ಧ ನೋಡಿ ಅಳದವಳು ಇದಕ್ಕೆ ಅತ್ತೆ.

ಅಪ್ಪ, ಪುತ್ತರಿ ಸುಗ್ಗಿಹಬ್ಬಕ್ಕೆ ಚಿಕ್ಕಪ್ಪನನ್ನು ಕರೆಯಿರಿ. ಹಿರಿಯರ ಐನ್‌ಮನೆಯಲ್ಲಿ ಒಟ್ಟಿಗೆ ಕದಿರು ತೆಗೆದು ಎಷ್ಟು ವರ್ಷವಾಯಿತು. ಅವ್ವ ತಂಬಿಟ್ಟು ಬಡಿಸುವಾಗ ಬೇಲಿಯ ವಿಷಯ ಇಬ್ಬರೂ ಎತ್ತಬೇಡಿ, ಅಷ್ಟೇ.

ಅಡುಗೆಗೆ ಹುಳಿ ಹಾಕಲು ಅಣ್ಣನ ಕೈಯಲ್ಲಿ ಒಂದು ಬಾಟಲಿ ಕಾಚಂಪುಳಿ ಕಳಿಸಿ. ಕಳೆದ ಸಲದ್ದು ಮುಗಿದು ತಿಂಗಳಾಯಿತು.

ನಿಮ್ಮ ಮಗಳು