ಮಲೆನಾಡಿನ ಕತ್ತಲೆಯೂ ಉಳಿಯಬೇಕು

ಮಾನ್ಯ ಸಂಪಾದಕರೇ,

ಮಲೆನಾಡಿನ ಪ್ರವಾಸಿ ತಾಣಗಳ ಅಭಿವೃದ್ಧಿ ಕುರಿತು ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಪ್ರಕಟವಾಗುತ್ತಿರುತ್ತವೆ. ಜಲಪಾತ, ಚಾರಣ, ಹೋಂಸ್ಟೇ, ಆಗುಂಬೆಯ ಸೂರ್ಯಾಸ್ತ ಎಲ್ಲದರ ಪ್ರಸ್ತಾಪವೂ ಅವುಗಳಲ್ಲಿರುತ್ತದೆ; ಸೂರ್ಯ ಮುಳುಗಿದ ಮೇಲಿನ ಆಕಾಶದ ಮಾತು ಮಾತ್ರ ಬರುವುದಿಲ್ಲ. ಹದಿನೈದು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ, ಟ್ರೈಪಾಡ್ ಹೊತ್ತುಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಊರೂರು ತಿರುಗಿ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ನಕ್ಷತ್ರಗಳ ಕೆಳಗೆ ಕಳೆದಿರುವ ಹವ್ಯಾಸಿ ನಾನು. ಈ ಭಾಗದ ಕತ್ತಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

2023ರ ಡಿಸೆಂಬರ್ 13ರ ರಾತ್ರಿ ಶರಾವತಿ ಹಿನ್ನೀರಿಗೆ ಸಮೀಪದ ಊರೊಂದರಲ್ಲಿ, ಬಂಧುಗಳ ಮನೆಯಂಗಳದಲ್ಲಿದ್ದೆ. ಅಮಾವಾಸ್ಯೆ ಆಗಷ್ಟೇ ಕಳೆದಿತ್ತು. ಮಿಥುನ ರಾಶಿಯ ದಿಕ್ಕಿನಿಂದ ಚಿಮ್ಮುವಂತೆ ತೋರುವ ಜೆಮಿನಿಡ್ ಉಲ್ಕಾವೃಷ್ಟಿ ಉತ್ತುಂಗದಲ್ಲಿತ್ತು. ಕೊಯ್ಲಿನ ಕಾಲವಾದ್ದರಿಂದ ಅಂಗಳದಲ್ಲಿ ಏಳೆಂಟು ಮಂದಿ ಅಡಿಕೆ ಸುಲಿಯುತ್ತ ಕುಳಿತಿದ್ದರು. ಹತ್ತು ನಿಮಿಷ ದೀಪ ಆರಿಸಬಹುದೇ ಎಂದು ಸಂಕೋಚದಿಂದಲೇ ಕೇಳಿಕೊಂಡೆ. ಆರಿಸಿದ ದೀಪವನ್ನು ಮುಕ್ಕಾಲು ಗಂಟೆಯಾದರೂ ಯಾರೂ ಮತ್ತೆ ಹಾಕಲಿಲ್ಲ. ಬಿದ್ದ ಉಲ್ಕೆಗಳನ್ನು ಮಕ್ಕಳು ಕೂಗಿ ಎಣಿಸುತ್ತಿದ್ದರೆ, ಮನೆಯ ಅಜ್ಜ ನೆತ್ತಿಯ ಹತ್ತಿರ ಬಂದಿದ್ದ ಕೃತ್ತಿಕೆಯ ಗೊಂಚಲನ್ನು ತೋರಿಸಿ, "ಗಡಿಯಾರ ಇಲ್ಲದ ಕಾಲದಲ್ಲಿ ನಾವು ಇದನ್ನು ನೋಡಿಯೇ ಹೊತ್ತು ಹೇಳ್ತಿದ್ವಿ, ತಮ್ಮಾ" ಎಂದರು. ಆ ರಾತ್ರಿ ತೆಗೆದ ಚಿತ್ರಗಳಲ್ಲಿ ಅಡಿಕೆ ಮರಗಳ ತಲೆಗಳ ಮೇಲೆ ಚಳಿಗಾಲದ ಮಸುಕಾದ ಆಕಾಶಗಂಗೆ ಸಹ ಸ್ಪಷ್ಟವಾಗಿ ಮೂಡಿದೆ.

ಕಳೆದ ಚಳಿಗಾಲ ಅದೇ ಅಂಗಳದಲ್ಲಿ, ಅದೇ ಲೆನ್ಸಿನಲ್ಲಿ ಮತ್ತೆ ಪ್ರಯತ್ನಿಸಿದೆ. ಅಷ್ಟರಲ್ಲಿ ಮನೆಯೆದುರಿನ ರಸ್ತೆಯ ಕಂಬಕ್ಕೆ ಪ್ರಖರವಾದ ಬಿಳಿ ಎಲ್ಇಡಿ ದೀಪ ಬಂದಿತ್ತು. ಇಂತಹ ಛಾಯಾಗ್ರಹಣದಲ್ಲಿ 24 ಮಿಲಿಮೀಟರ್ ಲೆನ್ಸಾದರೆ ಸುಮಾರು 20 ಸೆಕೆಂಡುಗಳ ಕಾಲ ಶಟರ್ ತೆರೆದಿಡುತ್ತೇವೆ. ಅದಕ್ಕೂ ಹೆಚ್ಚು ಹೊತ್ತು ತೆರೆದರೆ ಭೂಮಿಯ ತಿರುಗುವಿಕೆಯಿಂದ ನಕ್ಷತ್ರಗಳು ಚುಕ್ಕಿಯಾಗಿ ಉಳಿಯದೆ ಗೆರೆಯಾಗುತ್ತವೆ. ಆ 20 ಸೆಕೆಂಡುಗಳಲ್ಲಿ ಕಂಬದ ಬೆಳಕು ಸೋಗೆಗಳನ್ನೆಲ್ಲ ಬೆಳ್ಳಗೆ ತೊಯಿಸಿ, ಇಬ್ಬನಿಯಲ್ಲಿ ಹರಡಿ, ಆಕಾಶಗಂಗೆಯನ್ನು ಪೂರ್ತಿಯಾಗಿ ಅಳಿಸಿಹಾಕಿತ್ತು. ಚಿತ್ರ ಕೆಟ್ಟಿದ್ದಕ್ಕಿಂತ ಹೆಚ್ಚು ನೋವಾದದ್ದು, ಅಂದು ಉಲ್ಕೆ ಎಣಿಸಿದ್ದ ಮಕ್ಕಳಿಗೆ ಈಗ ಕೃತ್ತಿಕೆಯಲ್ಲಿ ಮೂರು ನಕ್ಷತ್ರಗಳೂ ಸರಿಯಾಗಿ ಕಾಣುತ್ತಿಲ್ಲವಲ್ಲ ಎಂದು.

ದೀಪವೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾವು, ಕಾಡುಪ್ರಾಣಿಗಳ ಭಯವಿರುವ, ಹೆಣ್ಣುಮಕ್ಕಳು ಬಸ್ಸಿಳಿದು ಒಂಟಿಯಾಗಿ ನಡೆದು ಹೋಗಬೇಕಾದ ರಸ್ತೆಗಳಿಗೆ ದೀಪ ಬೇಕೇ ಬೇಕು. ಆದರೆ ಆ ಕಂಬದ ದೀಪ ವಾರೆಯಾಗಿ ಕೂತು ಬೆಳಕಿನ ದೊಡ್ಡ ಪಾಲನ್ನು ತೋಟಕ್ಕೂ ಮುಗಿಲಿಗೂ ಚೆಲ್ಲುತ್ತಿತ್ತು. ಮನೆಯವರು ಕೇಳಿಕೊಂಡ ಮೇಲೆ ಅದನ್ನು ನೆಲಕ್ಕೆ ಮುಖವಾಗಿ ತಿರುಗಿಸಿ, ಸುತ್ತ ಅಂಗೈಯಗಲದ ತಗಡಿನ ಪಟ್ಟಿ ಬಿಗಿದರು. ರಸ್ತೆ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು, ಅಂಗಳಕ್ಕೆ ಕತ್ತಲೆ ಮರಳಿತು. ದೀಪದ ಬಣ್ಣವೂ ಮುಖ್ಯ. ಹಗಲಿನ ಆಕಾಶ ನೀಲಿಯಾಗಿ ಕಾಣಲು ಯಾವ ಕಾರಣವೋ ಅದೇ ಕಾರಣದಿಂದ ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ 3000ಕ್ಕಿಂತ ಕಡಿಮೆಯ ಹಳದಿ ಛಾಯೆಯ ಎಲ್ಇಡಿಯಿಂದ ಈ ಹಾನಿ ಎಷ್ಟೋ ಕಡಿಮೆ.

ಕತ್ತಲೆಯನ್ನೇ ಆಸ್ತಿಯಾಗಿ ಕಾಪಾಡಿಕೊಂಡ ಊರುಗಳು ನಮ್ಮ ದೇಶದಲ್ಲೇ ಇವೆ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ವೀಕ್ಷಣಾಲಯದ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರಿಗೇ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ದೊರೆಯಿತು. ಹಾನ್ಲೆಯ ಒಣಹವೆ, ಎತ್ತರ ನಮಗಿಲ್ಲ ನಿಜ. ಆಕಾಶಗಂಗೆಯ ಕೇಂದ್ರಭಾಗ ರಾತ್ರಿಯಿಡೀ ಕಾಣಬೇಕಾದ ಜೂನ್, ಜುಲೈ ತಿಂಗಳುಗಳನ್ನು ನಮ್ಮ ಮಳೆಗಾಲ ನುಂಗಿಬಿಡುತ್ತದೆ. ಆದರೆ ಹಾನ್ಲೆಗೆ ಕಾಣದ ದಕ್ಷಿಣದ ಆಕಾಶ ನಮ್ಮದು. ಏಪ್ರಿಲ್ ತಿಂಗಳಲ್ಲಿ ರಾತ್ರಿ 11ರ ಸುಮಾರಿಗೆ ಹಿನ್ನೀರಿನ ದಡದಲ್ಲಿ, ದಕ್ಷಿಣಕ್ಕೆ ಗುಡ್ಡ ಅಡ್ಡವಿಲ್ಲದ ಕಡೆ ನಿಂತರೆ, ನೀರಿನ ಮೇಲೆ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜ ನೆಟ್ಟಗೆ ನಿಂತಿರುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಅಗಸ್ತ್ಯ ನಕ್ಷತ್ರ ಹಾನ್ಲೆಯಲ್ಲಿ ದಿಗಂತದಿಂದ ನಾಲ್ಕೈದು ಡಿಗ್ರಿ ಮಾತ್ರ ಮೇಲೇರಿದರೆ ಶಿವಮೊಗ್ಗದಲ್ಲಿ 23 ಡಿಗ್ರಿಯವರೆಗೆ ಏರುತ್ತದೆ. ಮಳೆಯನ್ನು ರೋಹಿಣಿ, ಆರಿದ್ರಾ, ಪುಷ್ಯ ಎಂದು ನಕ್ಷತ್ರದ ಹೆಸರಿನಿಂದಲೇ ಕರೆಯುವ ನಾಡಿದು. ಆ ನಕ್ಷತ್ರಗಳು ಇಲ್ಲಿನ ಮಕ್ಕಳಿಗೆ ಪಂಚಾಂಗದಲ್ಲಿ ಮಾತ್ರ ಸಿಗುವಂತಾಗಬಾರದು. ಮಳೆ ಹಿಡಿಯುವ ಮುನ್ನ ಮೇ, ಜೂನ್‌ನಲ್ಲಿ ಕಾಡಂಚಿನ ಮರಗಳನ್ನು ತುಂಬುವ ಮಿಣುಕುಹುಳುಗಳು ಸಂಗಾತಿಯನ್ನು ಹುಡುಕುವುದೂ ಈ ಕತ್ತಲೆಯಲ್ಲೇ.

ನನ್ನಂತಹ ಹವ್ಯಾಸಿಗಳಿಗೂ ಹೊಣೆಯಿದೆ. ಚಿತ್ರದ ಆಸೆಗೆ ರಾತ್ರಿ ಹೊತ್ತು ಕಾಡಿನೊಳಗೆ ನುಗ್ಗುವುದನ್ನು ನಾನು ಒಪ್ಪುವುದಿಲ್ಲ. ಅರಣ್ಯ ಇಲಾಖೆಯ ನಿರ್ಬಂಧ ಸರಿಯಾಗಿಯೇ ಇದೆ. ಕೆರೆ ಏರಿ, ಗದ್ದೆ ಬಯಲು, ಪರಿಚಿತರ ಮನೆಯಂಗಳ ಧಾರಾಳವಾಗಿ ಸಾಕು. ಕೆಂಪು ಬೆಳಕಿನ ಟಾರ್ಚ್, ಇಬ್ಬನಿ ಕೂರದಂತೆ ಲೆನ್ಸಿಗೆ ಸುತ್ತಲು ಬೆಚ್ಚನೆಯ ಬಟ್ಟೆ, ಕಣ್ಣು ಕತ್ತಲೆಗೆ ಒಗ್ಗುವ ಅರ್ಧ ಗಂಟೆಯ ತಾಳ್ಮೆ ಇದ್ದರಾಯಿತು.

ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ತುಮರಿಯ ಕಡೆಗೆ ಹೊರಗಿನವರ ಓಡಾಟ ನಿಲ್ಲುತ್ತಿದ್ದ ಕಾಲವಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದುಕೊಂಡಿದೆ. ದ್ವೀಪದಂತಿದ್ದ ಆ ಊರುಗಳ ಜನ ದಶಕಗಳಿಂದ ಕಾದಿದ್ದ ಸೌಕರ್ಯವದು, ನನಗೂ ಸಂತೋಷವೇ. ಆದರೆ ಅದರ ಹಿಂದೆಯೇ ರೆಸಾರ್ಟ್, ಹೋಂಸ್ಟೇ, ಅಂಗಡಿಗಳ ದೀಪಗಳೂ ಬರುತ್ತವೆ. ಆದ್ದರಿಂದ ಗ್ರಾಮ ಪಂಚಾಯಿತಿಗಳು ಹೊಸ ದೀಪಗಳ ಟೆಂಡರ್ ಕರೆಯುವಾಗ ಮುಸುಕಿರುವ, ನೆಲಕ್ಕಷ್ಟೇ ಬೆಳಕು ಬೀಳುವ, ಹಳದಿ ಛಾಯೆಯ ದೀಪಗಳೇ ಬೇಕೆಂದು ಒಂದು ಸಾಲು ಸೇರಿಸಲಿ. ಹೋಂಸ್ಟೇಗಳಿಗೆ ಅನುಮತಿ ಕೊಡುವಾಗ ಪ್ರವಾಸೋದ್ಯಮ ಇಲಾಖೆಯೂ ರಾತ್ರಿ 10ರ ನಂತರ ಅಲಂಕಾರದ ದೀಪಗಳನ್ನು ಆರಿಸಬೇಕೆಂಬ ಷರತ್ತು ವಿಧಿಸಲಿ. ಇರುವ ದೀಪಗಳನ್ನು ಕಿತ್ತು ಬದಲಿಸುವುದಕ್ಕಿಂತ, ಹಾಕುವ ಮೊದಲೇ ಸರಿಯಾದದ್ದನ್ನು ಆಯ್ದುಕೊಳ್ಳುವುದು ಅಗ್ಗ. ಬರುವ ಚಳಿಗಾಲದೊಳಗೆ ಹಿನ್ನೀರಿನ ದಡದ ಒಂದೆರಡು ಪಂಚಾಯಿತಿಗಳಾದರೂ ಇದನ್ನು ಜಾರಿಗೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ