ತಮಾ, ಆ ಪಟ್ಟಿಗೆ ಸಹಿ ಹಾಕುವ ಮೊದಲು

ಶಿರಸಿ, ಬುಧವಾರ

ಚಿರಂಜೀವಿ ತಮಾ,

ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷನಾದದ್ದನ್ನು ನಿನ್ನ ಆಯಿ ಫೋನಿನಲ್ಲಿ ಹೇಳಿದಾಗ ಖುಷಿಯಾಯಿತು. ಜೊತೆಗೇ ಇನ್ನೊಂದು ಸುದ್ದಿ ಹೇಳಿದಳು. ಶಾಲೆಯ ಕಪಾಟಿನಿಂದ ತೆಗೆಸಬೇಕಾದ ಪುಸ್ತಕಗಳ ಪಟ್ಟಿಯೊಂದು ವಾಟ್ಸಾಪಿನಲ್ಲಿ ಬಂದಿದೆಯಂತೆ, ಅವು ಊರಿನ ಸಂಸ್ಕಾರಕ್ಕೆ ಒಗ್ಗುವುದಿಲ್ಲವೆಂದು ನಾಲ್ಕು ಜನ ನಿನ್ನ ಸಹಿಗೆ ಕಾದಿದ್ದಾರಂತೆ. ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ನಾನು ಕರಾವಳಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಗ ಊರಿನ ಹಿರಿಯರೊಬ್ಬರು ಒಂದು ಕಾದಂಬರಿ ಹಿಡಿದು ಬಂದರು. ವಿಧವೆಯೊಬ್ಬಳು ಮರುಮದುವೆಯಾಗುವ ಕಥೆ. "ಅಕ್ಕೋರೆ, ಇದು ಹೆಣ್ಣುಮಕ್ಕಳ ಕೈಗೆ ಬೇಡ" ಎಂದರು. ನಾನು ಎದುರಾಡಲಿಲ್ಲ. ಅವರು ಹೋದ ಮೇಲೆ ಸ್ಟಾಕ್ ರಿಜಿಸ್ಟರ್ ತೆಗೆದು ಅದರ ಹೆಸರಿನ ಮುಂದೆ "ಗೆದ್ದಲು ತಿಂದಿದೆ" ಎಂದು ಬರೆದೆ. ರಟ್ಟಿನ ಅಂಟಿನ ವಾಸನೆ ಕೂಡ ಹೋಗಿರಲಿಲ್ಲ, ಅಷ್ಟು ಹೊಸ ಪುಸ್ತಕ. ಮುಂದಿನ ವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಕಪಾಟಿನ ಮುಂದೆ ಬಗ್ಗಿ ಹುಡುಕುತ್ತಿದ್ದಳು. ಮೀನುಗಾರರ ಮನೆಯ ಮಗು. ಅವಳ ಅಪ್ಪ ಕಡಲಿಗೆ ಹೋದವ ತಿರುಗಿ ಬಂದಿರಲಿಲ್ಲ. ಆ ಕಾದಂಬರಿಯನ್ನು ಪರೀಕ್ಷೆಗೆಂದು ಅರ್ಧಕ್ಕೇ ವಾಪಸು ಕೊಟ್ಟಿದ್ದಳಂತೆ. "ಅಕ್ಕೋರೆ, ಅವಳಿಗೆ ಕಡೆಗೆ ಏನಾಯ್ತು?" ಎಂದು ಕೇಳಿದಳು. "ಪುಸ್ತಕ ಹಾಳಾಯ್ತು ಮಗಾ" ಎಂದೆ. ಮಗುವಿನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಊರಿನ ಸಂಸ್ಕಾರವೆಂದರೆ ಯಾವುದು, ತಮಾ? ಸಣ್ಣವನಿದ್ದಾಗ ನಿನ್ನನ್ನು ತಾಳಮದ್ದಲೆಗೆ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಆ ಯಕ್ಷಗಾನಕ್ಕೆ, ಕರೆದೊಯ್ಯುತ್ತಿದ್ದೆ, ನೆನಪಿದೆಯೇ? ವಾಲಿವಧೆಯ ದಿನ ನಿದ್ದೆಗಣ್ಣಲ್ಲೂ ಏಳಲು ಒಪ್ಪಿರಲಿಲ್ಲ ನೀನು. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನೇ ಕೇಳುತ್ತಾನೆ. ರಾಮನಾಗಿ ಮಾತಾಡುವ ಅರ್ಥಧಾರಿ ಬೆವರೊರೆಸಿಕೊಂಡು ಉತ್ತರ ಹುಡುಕಬೇಕು. ಅದೂ ದೇವಸ್ಥಾನದ ಅಂಗಳದಲ್ಲಿ, ಕೂತವರೆಲ್ಲ ರಾಮಭಕ್ತರು. ವಾಲಿಯ ಬಾಯಿ ಮುಚ್ಚಿಸಿ ಎಂದು ಒಬ್ಬರೂ ಹೇಳಲಿಲ್ಲ. ವಾಲಿ ಸಪ್ಪೆಯಾದರೆ ಪ್ರಸಂಗವೇ ಕೆಟ್ಟಿತೆಂದು ಮನೆ ದಾರಿಯಲ್ಲಿ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾನು ಕಂಡ ಸಂಸ್ಕಾರ ಇದು. ಎದುರು ಮಾತಾಡಿದವರೇ ನಮ್ಮಲ್ಲಿ ಶಾಲೆ ಕಟ್ಟಿದ್ದೂ ಇದೆ. ರೈತರ ಪರವಾಗಿ ನಿಂತ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಈ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಅದೇ ಮನುಷ್ಯ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು.

ಅಮೆರಿಕದಲ್ಲೂ ಪುಸ್ತಕ ತೆಗೆಸುತ್ತಾರಲ್ಲ ಎಂದೆಯಂತೆ. ಹೌದು. ನ್ಯೂಯಾರ್ಕ್ ರಾಜ್ಯದ ಒಂದು ಕಡೆ ಶಾಲಾ ಮಂಡಳಿಯವರು ಹೀಗೇ ಯಾವುದೋ ಸಮ್ಮೇಳನದಿಂದ ಪಟ್ಟಿ ತಂದು ಪುಸ್ತಕ ತೆಗೆಸಿದರು. ಪಾಲಕರು, ಶಿಕ್ಷಕರು ಸೇರಿದ ಸಮಿತಿ ಕೆಲವನ್ನು ಇಟ್ಟುಕೊಳ್ಳಿ ಎಂದರೂ ಕೇಳಲಿಲ್ಲ. ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿ, ಅವನ ಜೊತೆಯವರು ಕೋರ್ಟಿಗೆ ಹೋದರು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಕ್ಕಳ ಕಡೆಗೇ ವಾಲಿತು. ಒಮ್ಮತದ ತೀರ್ಪಲ್ಲ, ಆದರೆ ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಲೈಬ್ರರಿಯ ಪುಸ್ತಕ ತೆಗೆಯಬಾರದೆಂದು ಅದರ ಮುಖ್ಯ ಅಭಿಪ್ರಾಯ ಹೇಳಿತು.

ಮೂರನೆಯ ತರಗತಿಯ ಕೂಸಿಗೆ ಎಲ್ಲ ಪುಸ್ತಕವನ್ನೂ ಕೊಡು ಎನ್ನುತ್ತಿಲ್ಲ. ವಯಸ್ಸು ನೋಡಿ ಕೊಡುವುದು ಮಾಸ್ತರರ ಕೆಲಸ, ಅವರಿಗೆ ಗೊತ್ತಿದೆ. ತನ್ನ ಮಗುವಿಗೆ ಬೇಡವೆನ್ನುವ ಅಪ್ಪನ ಮಾತಿಗೂ ಬೆಲೆ ಕೊಡು. ಊರ ಮಕ್ಕಳಿಗೆಲ್ಲ ಬೇಡವೆಂದರೆ ಮಾತ್ರ, "ಪೂರ್ತಿ ಓದಿದ್ದೀರಾ?" ಎಂದು ಕೇಳು. ಆಕ್ಷೇಪವನ್ನು ಬರೆದುಕೊಡಲಿ. ತೀರ್ಮಾನವಾಗುವವರೆಗೆ ಪುಸ್ತಕ ಕಪಾಟಿನಲ್ಲೇ ಇರಲಿ. ಅವರ ಮೇಲೆ ಸಿಟ್ಟಾಗಬೇಡ. ಅವರೂ ಮಕ್ಕಳಿಗೆ ಏನಾದೀತೋ ಎಂಬ ಹೆದರಿಕೆಯಿಂದಲೇ ಬಂದವರು.

ಸಭೆ ಶನಿವಾರವಲ್ಲವೇ? ನಾಳೆ ಸಂಜೆಯ ಬಸ್ಸಿಗೆ ಹೊರಟು ಬರುತ್ತೇನೆ. ಪಟ್ಟಿಯಲ್ಲಿರುವ ಪುಸ್ತಕಗಳನ್ನು ಮಾಸ್ತರರಿಂದ ಕೇಳಿ ಮನೆಗೆ ತಂದಿಡು. ರಾತ್ರಿ ಕೂತು ಇಬ್ಬರೂ ಓದೋಣ.

ನಿನ್ನ ದೊಡ್ಡಾಯಿ