ಸ್ಕೂಟರ್ ಬಲ್ಲವರಿಗೆ ಸ್ನೋಮೊಬೈಲ್ ಸುಲಭವೆಂಬ ಮಾತು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಅಮೆರಿಕದ ಚಳಿಗಾಲದ ವಿಹಾರಗಳ ಕುರಿತು ಬಂದ ಲೇಖನದಲ್ಲಿ, ಹಿಮದ ಮೇಲೆ ಓಡುವ ಮೋಟಾರು ಗಾಡಿಯಾದ ಸ್ನೋಮೊಬೈಲನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುವುದು ಬಹಳ ಸುಲಭವೆಂದೂ, ಸ್ಕೂಟರ್ ಓಡಿಸಲು ಬಲ್ಲವರು ಹತ್ತೇ ನಿಮಿಷದಲ್ಲಿ ಅದನ್ನು ಕಲಿತುಬಿಡಬಹುದೆಂದೂ ಬರೆಯಲಾಗಿತ್ತು. ಹದಿನಾಲ್ಕು ವರ್ಷಗಳಿಂದ ಮಿನೆಸೋಟ ರಾಜ್ಯದಲ್ಲಿ ನೆಲೆಸಿದ್ದು, ಊರಿನಿಂದ ಬಂದ ನೆಂಟರನ್ನೂ ಇಲ್ಲಿಯ ಗೆಳೆಯರನ್ನೂ ಹಲವು ಬಾರಿ ಇಂಥ ವಿಹಾರಕ್ಕೆ ಕರೆದೊಯ್ದಿರುವ ನನಗೆ ಆ ಮಾತಿನ ಮೊದಲರ್ಧ ನಿಜವೆಂದೂ ಉಳಿದರ್ಧ ಅಪಾಯಕರವೆಂದೂ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸ್ಕೂಟರಿನ ಅಭ್ಯಾಸವೇ ಇಲ್ಲಿ ಮೊದಲ ತೊಡಕು. ಸ್ನೋಮೊಬೈಲಿನಲ್ಲಿ ಎಕ್ಸಲರೇಟರನ್ನು ತಿರುಚುವುದಿಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಲಿವರನ್ನು ಒತ್ತುತ್ತೇವೆ, ಬ್ರೇಕ್ ಎಡಗೈಯಲ್ಲಿರುತ್ತದೆ. ಗಾಬರಿಯಾದಾಗ ಯಾರೇ ಆಗಲಿ ಎರಡೂ ಕೈಗಳಿಂದ ಹ್ಯಾಂಡಲನ್ನು ಬಿಗಿಹಿಡಿಯುತ್ತಾರೆ, ಬಿಗಿಹಿಡಿದಾಗ ಹೆಬ್ಬೆರಳೂ ಒತ್ತುತ್ತದೆ, ನಿಲ್ಲಬೇಕಾದ ಯಂತ್ರ ಆಗಲೇ ಮುನ್ನುಗ್ಗುತ್ತದೆ. ಹಾಗೆ ಮುನ್ನುಗ್ಗುವಾಗ ಭಾರ ಹಿಂದಕ್ಕೆ ಸರಿದು ಗಾಡಿಯನ್ನು ತಿರುಗಿಸುವ ಮುಂದಿನ ಎರಡು ಹಿಮಪಟ್ಟಿಗಳು (ಸ್ಕೀಗಳು) ಹಗುರಾಗುವುದರಿಂದ, ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಗಾಡಿ ತಿರುಗದೆ ನೆಟ್ಟಗೆ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಕಾಲಿನ ಅಭ್ಯಾಸ. ಸ್ಕೂಟರ್ ವಾಲಿದರೆ ನಾವು ಯೋಚಿಸದೆಯೇ ಕಾಲು ಊರುತ್ತೇವೆ. ಇನ್ನೂರೈವತ್ತು ಕಿಲೋ ಆಸುಪಾಸಿನ ಯಂತ್ರ ಮಗುಚುವಾಗ ಹಾಗೆ ಕಾಲು ಚಾಚಿದರೆ ಅದು ಅಡಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನನ್ನ ಅನುಭವದಲ್ಲಿ, ಯಾವ ಗಾಡಿಯನ್ನೂ ಓಡಿಸಿರದವರು ಹೇಳಿದ್ದನ್ನು ಕೇಳಿ ನಿಧಾನವಾಗಿ ಕಲಿಯುತ್ತಾರೆ, ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವರೇ ಮೊದಲ ಗಂಟೆಯಲ್ಲಿ ಬೀಳುತ್ತಾರೆ.

ಮೂರು ವರ್ಷದ ಹಿಂದೆ ಶಿವಮೊಗ್ಗದಿಂದ ಬಂದಿದ್ದ ನನ್ನ ತಮ್ಮ ಬಿದ್ದದ್ದು ಹೀಗೆಯೇ. ಅವನು ಮನಾಲಿಯ ಬಳಿಯ ಸೋಲಂಗ್ ಕಣಿವೆಯಲ್ಲಿ ಸ್ನೋ ಸ್ಕೂಟರ್ (ಅಲ್ಲಿ ಸ್ನೋಮೊಬೈಲಿಗೆ ಇದೇ ಹೆಸರು) ಹತ್ತಿದ್ದ; ಅಲ್ಲಿ ಗಾಡಿಯವನು ಹಿಂದೆ ಕುಳಿತು ಒಂದು ಸಣ್ಣ ಸುತ್ತು ಹಾಕಿಸಿದ್ದನ್ನೇ ತನಗೆ ಓಡಿಸಲು ಬರುತ್ತದೆ ಎಂದು ತಿಳಿದಿದ್ದ. ಬಾಡಿಗೆ ಅಂಗಡಿಯವರ ತಿಳಿವಳಿಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನಲ್ಲಿ ಮುಗಿದಿತ್ತು, ನಾನೂ ಅವನ ಧೈರ್ಯ ನೋಡಿ ಹೆಚ್ಚು ಹೇಳಲಿಲ್ಲ. ಎರಡನೆಯ ತಿರುವಿನಲ್ಲೇ ಅವನು ನೆಟ್ಟಗೆ ಹೋಗಿ ಒಂದು ಎಳೆಯ ಪೈನ್ ಮರಕ್ಕೆ ಗುದ್ದಿದ; ಪಾದ ಉಳುಕಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ಆದರೆ ಸಂಜೆ ನನ್ನ ಕ್ರೆಡಿಟ್ ಕಾರ್ಡಿನಿಂದ 1,400 ಡಾಲರ್ ಮುರಿದುಕೊಳ್ಳಲಾಯಿತು. ಹಾನಿಯ ಪೂರ್ಣ ಹೊಣೆ ಬಾಡಿಗೆದಾರನದು ಎಂದು ಕರಾರುಪತ್ರದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು, ಓದದೆ ಸಹಿ ಹಾಕಿದವನು ನಾನು, ಆದ್ದರಿಂದ ಅಂಗಡಿಯವರನ್ನು ದೂರಲಾರೆ. ಊರಿನಿಂದ ಬರುವವರು ಮಾಡಿಸಿಕೊಂಡು ಬರುವ ಪ್ರವಾಸಿ ವಿಮೆಯಲ್ಲಿ ಇಂಥ ಮೋಟಾರು ಆಟಗಳನ್ನು ಹೊರಗಿಟ್ಟಿರುವುದು ಅಪರೂಪವಲ್ಲ. ಹೊರಡುವ ಮೊದಲು ಆ ಒಂದು ಪುಟವನ್ನಾದರೂ ಓದಿಕೊಳ್ಳಬೇಕು.

ಕಾನೂನಿನ ಸಂಗತಿಯನ್ನು ಲೇಖನ ಎತ್ತಿಯೇ ಇರಲಿಲ್ಲ. ಮಿನೆಸೋಟದ ನಿವಾಸಿಗಳಲ್ಲಿ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಸ್ನೋಮೊಬೈಲ್ ಓಡಿಸಬೇಕಾದರೆ ಸುರಕ್ಷತಾ ಪ್ರಮಾಣಪತ್ರ ಹೊಂದಿರಬೇಕು. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಹೆಚ್ಚಿನವರು ಆ ವಯಸ್ಸಿನವರೇ ಆದರೂ ಕಾರಿನ ಲೈಸೆನ್ಸ್ ಸಾಕೆಂದು ನಂಬಿರುತ್ತಾರೆ. ನೆರೆಯವರೊಬ್ಬರ ಒತ್ತಾಯದಿಂದ ನಾನು ಅದನ್ನು ಮೊದಲೇ ಪಡೆದಿದ್ದೆ. ಮೊದಲ ವರ್ಷ ನನ್ನ ಜೊತೆ ಬಂದ ಇಬ್ಬರು ಗೆಳೆಯರು ಅದಿಲ್ಲದೆ ಇಡೀ ದಿನವನ್ನು ಹಿಂದಿನ ಸೀಟಿನಲ್ಲೇ ಕಳೆಯಬೇಕಾಯಿತು. ವಯಸ್ಕರು ಈ ತರಬೇತಿಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮುಗಿಸಬಹುದು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ: ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಇದೇ ಅಗತ್ಯ 1985ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ಅನ್ವಯಿಸುತ್ತದೆ.

ಲೇಖನದಲ್ಲಿ ಹೊಗಳಿದ್ದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ವ್ಯವಸ್ಥೆಯನ್ನೇ ನೋಡಿ. ಅಲ್ಲಿ ಹೆಚ್ಚಿನ ಪ್ರವಾಸಿಗರು ಪರವಾನಗಿ ಪಡೆದ ಮಾರ್ಗದರ್ಶಕರೊಂದಿಗೇ ಹೋಗುತ್ತಾರೆ. ಸ್ವಂತವಾಗಿ ಹೋಗಬಯಸುವ ಗುಂಪುಗಳು ಲಾಟರಿಯಲ್ಲಿ ಅವಕಾಶ ಪಡೆಯಬೇಕು, ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಗಾಡಿಗಳಿರಬಾರದು, ವೇಗ ಗಂಟೆಗೆ 35 ಮೈಲಿ ಮೀರಬಾರದು. ಮಿನೆಸೋಟದ ಟ್ರೇಲುಗಳಲ್ಲಿ, ಅಂದರೆ ಸ್ನೋಮೊಬೈಲಿಗೆಂದು ಗುರುತಿಸಿದ ಹಿಮದ ದಾರಿಗಳಲ್ಲಿ, ಮಿತಿ 50 ಮೈಲಿ, ಮಾರ್ಗದರ್ಶಕರ ಕಡ್ಡಾಯವಿಲ್ಲ. ಹೊಸಬರನ್ನು ಕರೆದೊಯ್ಯುವವರು ಕಾನೂನು ಕೇಳದಿದ್ದರೂ ಮೊದಲ ಸಲ ಅರ್ಧ ದಿನಕ್ಕಾದರೂ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಖರ್ಚು ಹೆಚ್ಚೆನ್ನುವವರು ಇಡೀ ದಿನದ ಬದಲು ಅರ್ಧ ದಿನಕ್ಕಷ್ಟೇ ಗಾಡಿ ಪಡೆಯಲಿ. ಮೂರು ಗಂಟೆ ಕಳೆಯುವಷ್ಟರಲ್ಲಿ ಹೊಸಬರ ಹೆಬ್ಬೆರಳೂ ಭುಜಗಳೂ ಸೋತಿರುತ್ತವೆ, ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಯ ಹೊತ್ತಿಗೆ ಸೂರ್ಯನೂ ಮುಳುಗಿರುತ್ತಾನೆ.

ಉಡುಪಿನ ವಿಷಯದಲ್ಲಿ ಒಂದೆರಡು ಮಾತು ಸಾಕು. ಜೀನ್ಸ್ ಮತ್ತು ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಒಳಗೆ ಉಣ್ಣೆಯೋ ಸಿಂಥೆಟಿಕ್ಕೋ ಬೇಕು. ಕನ್ನಡಕ ಧರಿಸುವವರು ಹೆಲ್ಮೆಟ್ಟಿನೊಳಗೆ ಉಸಿರು ಮಂಜಾಗದಂತೆ ತಡೆಯುವ ಮೂಗುಮುಚ್ಚು ಇದೆಯೇ ಎಂದು ಕೇಳಿ ಪಡೆಯಬೇಕು. ನಮ್ಮ ಕಡೆಯ ಹಿರಿಯರು ಹೆಲ್ಮೆಟ್ಟಿನ ಮೇಲೂ ಶಾಲು ಹೊದೆಯುತ್ತಾರೆ, ಹೆಣ್ಣುಮಕ್ಕಳು ದುಪಟ್ಟಾ ಬಿಡುವುದಿಲ್ಲ; ಗಾಡಿಯ ಅಡಿಯಲ್ಲಿ ತಿರುಗುವ ರಬ್ಬರ್ ಪಟ್ಟಿಗೆ ಅದರ ತುದಿ ಸಿಕ್ಕಿದರೆ ಆಗುವುದು ಬೈಕಿನ ಚಕ್ರಕ್ಕೆ ಸೆರಗು ಸಿಕ್ಕಿದಂತೆಯೇ. ನನ್ನ ಅತ್ತೆಯವರನ್ನು ಶಾಲು ಬಿಡಲು ಒಪ್ಪಿಸುವುದು ಗಾಡಿ ಓಡಿಸುವುದಕ್ಕಿಂತ ಕಷ್ಟವಾಯಿತು.

ದಾರಿಯಲ್ಲಿ ಗುಂಪು ಸಾಗುವ ಕ್ರಮವನ್ನು ಹೊರಡುವ ಮೊದಲೇ ನಿಶ್ಚಯಿಸಬೇಕು. ಬಲ್ಲವರು ಒಬ್ಬರು ಮುಂದೆ, ಇನ್ನೊಬ್ಬರು ಕೊನೆಗೆ, ಹೊಸಬರು ನಡುವೆ. ಪ್ರತಿ ತಿರುವಿನಲ್ಲೂ ಹಿಂದಿನವರು ಕಣ್ಣಿಗೆ ಬೀಳುವವರೆಗೆ ಮುಂದಿನವರು ಕಾಯಬೇಕು. ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ಫೋಟೊಗೂ ಅದೇ ಚೆನ್ನ. ಸ್ನೋಮೊಬೈಲಿಗೆ ಕನಿಷ್ಠ 5ರಿಂದ 7 ಇಂಚು ದಪ್ಪದ ಹೊಸ, ಗಟ್ಟಿ ಮಂಜುಗಡ್ಡೆ ಬೇಕೆಂಬುದು ರಾಜ್ಯದ ಪ್ರಕೃತಿ ಸಂಪನ್ಮೂಲ ಇಲಾಖೆಯ ಸೂಚನೆ, ಆದರೆ ಒಂದೇ ಕೆರೆಯಲ್ಲಿ ದಡದ ಬಳಿಯೂ ತೊರೆ ಸೇರುವಲ್ಲಿಯೂ ದಪ್ಪ ಬೇರೆ ಬೇರೆಯಾಗಿರುತ್ತದೆ. ಮೇಲೆ ಹಿಮ ಹೊದ್ದಿರುವಾಗ ಅದನ್ನು ನೋಡಿ ತಿಳಿಯುವ ಉಪಾಯವಿಲ್ಲ. ಹೊಸಬರ ಗುಂಪನ್ನು ನಾನು ಕೆರೆಗೆ ಇಳಿಸುವುದೇ ಇಲ್ಲ.

ಟ್ರೇಲು ಬಿಟ್ಟು ಪಕ್ಕದ ಬಯಲಿಗೆ ನುಗ್ಗುವುದೂ ಸಲ್ಲದು. ಸ್ನೋಮೊಬೈಲ್ ತಯಾರಿಸುವ ಪೋಲಾರಿಸ್ ಕಂಪನಿ 1950ರ ದಶಕದಲ್ಲಿ ಹುಟ್ಟಿದ್ದು ಈ ರಾಜ್ಯದ ಉತ್ತರದ ತುದಿಯ ರೋಸೋ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಯವರಿಗೆ ಸ್ನೋಮೊಬೈಲ್ ನಮ್ಮ ಹಳ್ಳಿಯ ಟ್ರ್ಯಾಕ್ಟರಿನಷ್ಟೇ ಆಪ್ತ. ರಾಜ್ಯದಲ್ಲಿರುವ 20 ಸಾವಿರ ಮೈಲಿಗೂ ಹೆಚ್ಚಿನ ಟ್ರೇಲುಗಳಲ್ಲಿ ಬಹುಪಾಲನ್ನು ಊರೂರಿನ ಸ್ನೋಮೊಬೈಲ್ ಕ್ಲಬ್ಬುಗಳ ಸ್ವಯಂಸೇವಕರು ಹಸನುಗೊಳಿಸುತ್ತಾರೆ, ಎಷ್ಟೋ ಕಡೆ ದಾರಿ ರೈತರ ಖಾಸಗಿ ಜಮೀನಿನ ಮೇಲೆ ಅವರ ಅನುಮತಿಯಿಂದ ಹಾದುಹೋಗುತ್ತದೆ. ಬೇಸರಗೊಂಡ ರೈತನೊಬ್ಬ ಅನುಮತಿ ಹಿಂತೆಗೆದುಕೊಂಡರೆ ಆ ಊರಿನವರೆಲ್ಲರ ದಾರಿ ಕಡಿಯುತ್ತದೆ.

ಚಳಿಗಾಲದಲ್ಲಿ ಮಕ್ಕಳನ್ನು ನೋಡಲು ಇತ್ತ ಬರುವ ತಂದೆತಾಯಿಗಳು ನಿಮ್ಮ ಪ್ರವಾಸ ಪುಟವನ್ನು ಕತ್ತರಿಸಿ ತರುವುದನ್ನು ಕಂಡಿದ್ದೇನೆ. ಅಂಥ ಲೇಖನ ಮುಂದೆ ಪ್ರಕಟವಾಗುವಾಗ ಪ್ರಮಾಣಪತ್ರ, ವಿಮೆ ಮತ್ತು ಹಾನಿಯ ಹೊಣೆಯ ಕುರಿತು ಪಕ್ಕದಲ್ಲೊಂದು ಚೌಕಟ್ಟಿನಲ್ಲಿ ನಾಲ್ಕು ಸಾಲು ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇಂತಿ,
ಶಿವಮೊಗ್ಗ ಮೂಲದ ಓದುಗ,
ಮಿನಿಯಾಪೊಲಿಸ್